ಕಬ್ಬಿಣ ನುಂಗಿದ ಹೊಂಗೆ

ಕೋವಿಡ್ ಕಳೆದ ಮೇಲಿನ ಎರಡನೆಯ ಬೇಸಿಗೆ. ನಾನಾಗ ದಾವಣಗೆರೆಯಲ್ಲಿ ಸಹಾಯಕ ತೋಟಗಾರಿಕಾ ಅಧಿಕಾರಿಯಾಗಿದ್ದೆ. ನಗರದ ಪಾರ್ಕುಗಳು, ರಸ್ತೆ ಬದಿಯ ಮರಗಳು ನನ್ನ ಪಾಲಿಗೆ ಬಂದಿದ್ದವು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ಕಚೇರಿಯಲ್ಲಿ ನನಗೆ ಸಿಡುಕಪ್ಪ ಎಂಬ ಹೆಸರಿತ್ತು ಎಂಬುದು ನನಗೂ ಗೊತ್ತಿತ್ತು. ನಿಯಮದ ಪುಸ್ತಕವನ್ನು ಮೇಜಿನ ಮೇಲೇ ಇಟ್ಟುಕೊಂಡು, ಯಾರು ಬಂದರೂ ಅದರ ಪುಟ ತಿರುವಿ ಮಾತಾಡುವುದು ನನ್ನ ಚಾಳಿ.

ರಸ್ತೆ ಬದಿ ಒಂದು ಸಸಿ ನೆಡುವುದಕ್ಕೂ ನಿಯಮ ಇದೆ ಎಂದರೆ ಜನ ನಗುತ್ತಾರೆ. ಗುಂಡಿ ಎಷ್ಟು ಆಳ ಇರಬೇಕು, ಲೈಟ್ ಕಂಬದಿಂದ ಎಷ್ಟು ದೂರ, ಬುಡದ ಸುತ್ತ ಸಿಮೆಂಟ್ ಹಾಕದೆ ಎಷ್ಟು ಮಣ್ಣು ಬಿಡಬೇಕು, ಎಲ್ಲಕ್ಕೂ ಲೆಕ್ಕ ಇದೆ. ನಿಮ್ಮ ಮನೆ ಮುಂದಿನ ಮರವನ್ನು ನೀವೇ ನೆಟ್ಟು ನೀರು ಹಾಕಿ ಬೆಳೆಸಿದ್ದರೂ ಅದನ್ನು ಕಡಿಯುವ ಹಕ್ಕು ನಿಮಗಿಲ್ಲ. ಅರಣ್ಯ ಇಲಾಖೆಯಲ್ಲಿ ವೃಕ್ಷಾಧಿಕಾರಿ ಎಂದು ಒಬ್ಬರು ಇರುತ್ತಾರೆ. ನಮ್ಮಂಥವರು ಕೊಟ್ಟ ವರದಿ ಓದಿ, ಸ್ಥಳ ನೋಡಿ, ಕಡಿಯಬೇಕೋ ಬೇಡವೋ ಎಂದು ಅವರು ಬರೆದುಕೊಡಬೇಕು. ಹಾಗಾಗಿ ನನ್ನ ವರದಿಯ ನಾಲ್ಕು ಸಾಲಿನ ಮೇಲೆ ಎಷ್ಟೋ ಮರಗಳ ಆಯುಸ್ಸು ನಿಂತಿರುತ್ತಿತ್ತು. ಈ ಮಾತನ್ನು ಆಗ ನಾನು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೆ.

ಆ ಮೇ ತಿಂಗಳ ಒಂದು ಸಂಜೆ ಮಳೆಗೆ ಮುಂಚಿನ ಗಾಳಿ ಬೀಸಿತು. ಸರಸ್ವತಿ ನಗರದ ಒಂದು ಅಡ್ಡರಸ್ತೆಯಲ್ಲಿ ಸಾಲಾಗಿ ಒಂಬತ್ತು ಹೊಂಗೆ ಮರಗಳಿದ್ದವು. ಅವುಗಳಲ್ಲಿ ತುದಿಯ ಮರ ಸೊಂಟದೆತ್ತರದಲ್ಲಿ ಪಟ್ಟನೆ ಮುರಿದು ಮಂಜುನಾಥ ಎಂಬ ಡ್ರೈವರ್‌ನ ಆಟೋ ಮೇಲೆ ಬಿತ್ತು. ಆಟೋದಲ್ಲಿ ಯಾರೂ ಇರಲಿಲ್ಲ. ಚಹಾ ಕುಡಿಯಲು ಐದು ನಿಮಿಷ ಮೊದಲು ಇಳಿದು ಹೋಗಿದ್ದ ಮಂಜುನಾಥ ವಾಪಸ್ ಬರುವಷ್ಟರಲ್ಲಿ ಅವನ ಗಾಡಿಯ ಮೇಲ್ಛಾವಣಿ ಸೀಟಿಗೆ ಅಂಟಿತ್ತು. ಮರುದಿನ ಬೆಳಿಗ್ಗೆ ನಾನು ಹೋದಾಗ ಅವನು ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಗಾಡಿ ಹೋತು, ಹೋಗ್ಲಿ ಬಿಡ್ರಿ. ಇನ್ನೂ ಎಂಟು ಅದಾವಲ್ಲ ಸರ್, ಅದರ ಕೆಳಗೇ ನಮ್ಮ ಹುಡುಗ್ರು ಆಡ್ತಾವ. ನಾಳೆ ಏನಾದ್ರೂ ಆದ್ರೆ ನಾನ್ಯಾರನ್ನ ಕೇಳ್ಬೇಕು?" ಅಂದ.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಿದ್ದ ಮರವನ್ನು ತೆರವು ಮಾಡಲು ನಮ್ಮ ಕೆಲಸದವರು ಗರಗಸದ ಯಂತ್ರ ತಂದಿದ್ದರು. ಮುರಿದ ಜಾಗಕ್ಕೆ ಗರಗಸ ಇಡುತ್ತಲೇ ಕಿಡಿ ಹಾರಿತು, ಚೈನ್ ಕಿತ್ತು ಅತ್ತ ಬಿತ್ತು. ಮರದಿಂದ ಕಿಡಿ ಏಕೆ ಬರಬೇಕು ಎಂದು ನಾನು ಬಗ್ಗಿ ನೋಡಿದೆ. ಎರಡು ಬೆರಳು ಅಗಲದ ಕಬ್ಬಿಣದ ಪಟ್ಟಿಯೊಂದು ಮರದ ಒಳಗೆ ಸುತ್ತಲೂ ಹೂತು ಕುಳಿತಿತ್ತು. ಅದು ಟ್ರೀ ಗಾರ್ಡಿನ ಬಳೆ. ಎಳೆಯ ಸಸಿಯನ್ನು ದನ, ಆಡು ತಿನ್ನದಿರಲಿ ಎಂದು ಸುತ್ತ ಹಾಕುತ್ತೇವಲ್ಲ, ಆ ಕಬ್ಬಿಣದ ಪಂಜರ. ಸಸಿ ದಪ್ಪವಾಗುತ್ತ ಹೋದ ಹಾಗೆ ಪಂಜರ ಬಿಗಿಯಾಗಿದೆ, ಆಮೇಲೆ ಮರದೊಳಕ್ಕೇ ಇಳಿದಿದೆ. ಮರ ಅಲ್ಲೇ ಮುರಿದಿದೆ.

ಉಳಿದ ಎಂಟು ಮರಗಳ ಹತ್ತಿರ ನಡೆದು ಹೋದೆ. ಎಂಟಕ್ಕೂ ಅದೇ ಪಂಜರ. ಎಲ್ಲದರ ಕೆಳಗಿನ ಬಳೆ ನೀರು ಮಣ್ಣಿಗೆ ತುಕ್ಕು ಹಿಡಿದು ಉದುರಿಹೋಗಿತ್ತು. ಸೊಂಟದ ಮಟ್ಟದ ನಡುಬಳೆ ಮಾತ್ರ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಮೂರನೆಯ ಮರದ ಗಾರ್ಡಿಗೆ ಒಂದು ತಗಡಿನ ಬೋರ್ಡ್ ಇತ್ತು. ಹಳದಿ ಬಣ್ಣದ ಮೇಲೆ ಅಚ್ಚುಕಟ್ಟಾದ ಕಪ್ಪು ಅಕ್ಷರ: "ಈ ಗಾರ್ಡ್ ಯಾರೂ ಮುಟ್ಟಬಾರದು." ಅದರ ಕೆಳಗೆ ಇನ್ನೊಂದು ಸಾಲು ಇರಬೇಕಿತ್ತು. ಆ ಸಾಲನ್ನು ಮರ ನುಂಗಿತ್ತು. ಆದರೆ ನುಂಗಿದ್ದು ಏನೆಂದು ನನಗೆ ಗೊತ್ತಿತ್ತು. "ಮುಟ್ಟಿದವರಿಗೆ ದಂಡ." ಅದನ್ನು ಬರೆಸಿದ್ದು ನಾನು.

ಹದಿನೆಂಟು ವರ್ಷದ ಹಿಂದೆ ನಾನು ಇದೇ ಊರಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಕೊಂಡಜ್ಜಿ ಕಡೆಯ ಒಂದು ನರ್ಸರಿಯಿಂದ ಹೊಂಗೆ ಸಸಿ ತಂದು ಸರಸ್ವತಿ ನಗರ, ಎಸ್.ಎಸ್. ಬಡಾವಣೆ ಎಲ್ಲ ಕಡೆ ನೆಟ್ಟಿದ್ದೆವು. ಫುಟ್‌ಪಾತ್ ಕಿರಿದು ಎಂದು ಒಂದೇ ಅಡಿ ಅಗಲದ ಗಾರ್ಡ್ ಮಾಡಿಸಿದೆವು. ನಮ್ಮ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು, ಮೂರು ವರ್ಷದ ನಂತರ ಗಾರ್ಡ್ ತೆಗೆಯತಕ್ಕದ್ದು ಎಂದು. ಬೋರ್ಡಿನ ಮೇಲೆ ಆ ಸಾಲನ್ನೂ ಬರೆಸಬೇಕೆಂದು ಕರಡು ಮಾಡಿದ್ದೆ. ಆದರೆ ಆಗ ಗುಜರಿಯವರ ಕಾಟ ವಿಪರೀತ. ಇವತ್ತು ಹಾಕಿದ ಗಾರ್ಡ್ ನಾಳೆ ಮಾಯ. "ತೆಗೆಯಬಹುದು" ಎಂಬ ಪದ ಬೋರ್ಡಿನ ಮೇಲೆ ಕಂಡರೆ ಸಾಕು, ಮೂರು ವರ್ಷವನ್ನು ಮೂರು ದಿನ ಮಾಡಿಬಿಡುತ್ತಾರೆ ಎಂದು ನಾನೇ ಆ ಸಾಲಿಗೆ ಗೀಟು ಎಳೆದೆ. ಬದಲಿಗೆ ದಂಡ ಹಾಕಿಸಿದೆ. ಬಹಳ ಜಾಣತನದ ಕೆಲಸ ಮಾಡಿದೆ ಅನ್ನಿಸಿತ್ತು. ಮೂರು ವರ್ಷವಾದ ಮೇಲೆ ನಾವೇ ಬಂದು ತೆಗೆದರಾಯಿತು ಎಂಬ ಲೆಕ್ಕ.

ಎರಡನೇ ವರ್ಷ ನನಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಅಲ್ಲಿಂದ ಶಿವಮೊಗ್ಗ. ಮತ್ತೆ ದಾವಣಗೆರೆಗೆ ಬಂದು ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ಅದೇ ಬಡಾವಣೆಯ ಮುಖ್ಯರಸ್ತೆಯಲ್ಲಿ ಜೀಪಿನಲ್ಲಿ ನೂರಾರು ಸಲ ಹೋಗಿದ್ದೇನೆ. ಒಂದು ಸಲವೂ ಆ ಅಡ್ಡರಸ್ತೆಗೆ ತಿರುಗಿರಲಿಲ್ಲ. ತಪಾಸಣೆ ಎಂದರೆ ನಮ್ಮಲ್ಲಿ ಗಾರ್ಡ್ ಎಣಿಸುವುದು. ಗಾರ್ಡ್ ಇದ್ದರೆ ಸಸಿ ಇದೆ ಎಂದು ಟಿಕ್ ಹಾಕುವುದು. ಯಾರಾದರೂ ಗಾರ್ಡ್ ತೆಗೆದಿದ್ದರೆ ನಮ್ಮ ರಿಜಿಸ್ಟರಿನಲ್ಲಿ ಆ ಮರ ಸತ್ತ ಹಾಗೆ.

ನಾನು ಬೋರ್ಡ್ ನೋಡುತ್ತ ನಿಂತಿದ್ದಾಗ ಎದುರು ಮನೆಯ ಜಗಲಿಯಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು. ಐವತ್ತೈದು ಅರವತ್ತು ವಯಸ್ಸಿನ ಒಬ್ಬ ಹೆಂಗಸು ಎದ್ದು ಬಂದರು. ಅವರು ಫಾತಿಮಾಬಿ. ಜಗಲಿಯಲ್ಲಿ ಎರಡು ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದರು. ಮೂರನೆಯ ಮರ ಅವರ ಜಗಲಿಗೇ ನೆರಳು. ಅವರು ಬಂದವರೇ ಬಾಗಿ ಬೋರ್ಡಿನ ಧೂಳು ಸೆರಗಿನಿಂದ ಒರೆಸಿದರು. ಬೋರ್ಡ್ ಇಷ್ಟು ಹೊಸದಾಗಿ ಹೇಗಿದೆ ಎಂದು ಕೇಳಿದೆ. ಅವರ ಗಂಡ ಇಮಾಮ್ ಸಾಬ್ ಲಾರಿಗಳಿಗೆ ಹೆಸರು, ನಂಬರ್ ಬರೆಯುವ ಪೇಂಟರ್ ಆಗಿದ್ದರಂತೆ. ಪ್ರತಿ ವರ್ಷ ರಂಜಾನ್‌ಗೆ ಮುಂಚೆ ಮನೆ ಬಾಗಿಲಿಗೆ ಬಣ್ಣ ಹಚ್ಚುವಾಗ ಈ ಬೋರ್ಡನ್ನೂ ತಿದ್ದುತ್ತಿದ್ದರಂತೆ. ಕೋವಿಡ್‌ನ ಮೊದಲ ವರ್ಷ ಅವರು ತೀರಿಹೋದರು. ಈಗ ಇರುವುದು ಅವರು ಕಡೆಯ ಸಲ ಬರೆದದ್ದು.

"ಕೆಳಗಿನ ಸಾಲು ಮರ ತಿಂತು. ಮ್ಯಾಲಿನ ಸಾಲಿಗೇ ಹಚ್ತಿದ್ರು," ಎಂದು ಫಾತಿಮಾಬಿ ನಕ್ಕರು.

ಬೀದಿಯ ಮಕ್ಕಳು ಗಾರ್ಡ್ ಹತ್ತಿದರೆ ಅವರು ಬೈದು ಇಳಿಸುತ್ತಿದ್ದರಂತೆ. ಒಮ್ಮೆ ಗುಜರಿಯವನೊಬ್ಬ ಬಂದಾಗ ಇಮಾಮ್ ಸಾಬ್ ಬೋರ್ಡ್ ಓದಿಸಿ ಕಳಿಸಿದ್ದರಂತೆ. ಪಕ್ಕದ ಮನೆಯವರು ಮರಕ್ಕೆ ಬಿಗೀತಾ ಇದೆಯಲ್ಲ, ಗಾರ್ಡ್ ಕೊಯ್ದು ಹಾಕೋಣ ಎಂದಾಗಲೂ ಸರ್ಕಾರದ ಆರ್ಡರ್ ಇದೆ ಎಂದು ಗಂಡ ಹೆಂಡತಿ ಅಡ್ಡ ನಿಂತಿದ್ದರು. ಇಡೀ ಬೀದಿ ಅವರ ಮಾತು ಕೇಳಿತ್ತು. ಬೇರೆ ಬೀದಿಗಳಲ್ಲಿ ಗಾರ್ಡ್ ಕದ್ದವರು ತಮಗೆ ಗೊತ್ತಿಲ್ಲದೆ ಮರ ಉಳಿಸಿದ್ದರು. ನಿಯಮ ಪಾಲಿಸಿದ ಈ ಬೀದಿಯ ಮರಗಳ ಕುತ್ತಿಗೆಗೆ ಕಬ್ಬಿಣ ಬಿದ್ದಿತ್ತು. ಅದರಲ್ಲೂ ಗಂಡ ಹೆಂಡತಿ ದಿನಾ ಹಾಕಿದ ನೀರುಂಡು ಬೇಗ ದಪ್ಪವಾದ ಫಾತಿಮಾಬಿಯ ಮರಕ್ಕೆ ಬಿಗಿತ ಎಲ್ಲಕ್ಕಿಂತ ಜೋರಾಗಿತ್ತು. ನಾನು ಅವರಿಗೆ ಏನೂ ಹೇಳದೆ ಜೀಪ್ ಹತ್ತಿದೆ.

ಕಚೇರಿಗೆ ಬಂದಾಗ ನನ್ನ ಗುಮಾಸ್ತರು ವರದಿಯ ಕರಡು ಟೈಪ್ ಮಾಡಿ ಇಟ್ಟಿದ್ದರು. ಅದು ನಮ್ಮ ಎಲ್ಲ ವರದಿಗಳಿಗೂ ಹೊಂದುವ ವಾಕ್ಯ: "ಸದರಿ ಮರಗಳು ಹುಳು ಬಿದ್ದು ಒಳಗೆ ಟೊಳ್ಳಾಗಿದ್ದು ಸಾರ್ವಜನಿಕರಿಗೆ ಅಪಾಯಕಾರಿಯಾಗಿರುವುದರಿಂದ ತೆರವುಗೊಳಿಸಬಹುದಾಗಿದೆ." ಸಹಿ ಹಾಕಿದ್ದರೆ ಎಂಟು ಮರ, ಎಂಟು ಗಾರ್ಡ್, ಒಂದು ಬೋರ್ಡ್ ಎಲ್ಲವೂ ವಾರದೊಳಗೆ ಸಾಮಿಲ್ಲಿಗೆ ಹೋಗುತ್ತಿದ್ದವು. ಮಂಜುನಾಥನ ಹೆದರಿಕೆ ತೀರುತ್ತಿತ್ತು. ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಒಂದು ಇಡೀ ದಿನ ಆ ಕಾಗದವನ್ನು ನಾನು ಹರಿಯಲಿಲ್ಲ.

ಅದನ್ನು ಹರಿಯುವಂತೆ ಮಾಡಿದ್ದು ನಮ್ಮ ಅಂಗಳದಲ್ಲಿ ತಂದು ಹಾಕಿದ್ದ ಬಿದ್ದ ಮರದ ತುಂಡು. ಮರುದಿನ ಅದನ್ನು ಸೀಳಿಸಿ ನೋಡಿದೆ. ಇದನ್ನು ಸ್ವಲ್ಪ ವಿವರಿಸಬೇಕು. ಮರಕ್ಕೆ ನೀರು ಬೇರಿನಿಂದ ಮೇಲಕ್ಕೆ ಏರುವುದು ಕಟ್ಟಿಗೆಯ ಒಳಗಿನಿಂದ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಿಂದ. ಬಳೆ ಬಿಗಿದಾಗ ಮೊದಲು ಕಟ್ಟಾಗುವುದು ಈ ಇಳಿಯುವ ದಾರಿ. ಆಹಾರ ಬಳೆಯ ಮೇಲೇ ನಿಂತು ಅಲ್ಲಿ ಮರ ದಪ್ಪಗೆ ಊದಿಕೊಳ್ಳುತ್ತದೆ, ಕೆಳಗೆ ಬೇರು ಉಪವಾಸ ಬೀಳುತ್ತದೆ. ಬಿದ್ದ ಮರದಲ್ಲಿ ಮುಕ್ಕಾಲು ಸುತ್ತು ಹೀಗೇ ಆಗಿತ್ತು. ಉಳಿದ ಕಾಲು ಸುತ್ತಿನಲ್ಲಿ ಮಾತ್ರ ನಾನು ಅದುವರೆಗೆ ಕಾಣದ್ದನ್ನು ಕಂಡೆ. ಮೇಲಿನ ತೊಗಟೆ ಊದಿ ಕಬ್ಬಿಣದ ಮೇಲಿಂದ ಕೆಳಕ್ಕೆ ಬಾಗಿತ್ತು, ಕೆಳಗಿನ ತೊಗಟೆ ಮೇಲಕ್ಕೆ ಎದ್ದಿತ್ತು. ಎರಡೂ ಪಟ್ಟಿಯ ಹೊರಗೆ ಒಂದನ್ನೊಂದು ಮುಟ್ಟಿ, ಒತ್ತಿ, ಕೂಡಿ ಒಂದಾಗಿದ್ದವು. ಕೂಡಿದ ಜಾಗದಲ್ಲಿ ಹೊಸ ಕಟ್ಟಿಗೆಯ ಗೆರೆಗಳು ಒಂದರ ಮೇಲೊಂದು ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದವು. ದಾರಿಗೆ ಅಡ್ಡ ಬಂದ ಕಬ್ಬಿಣವನ್ನು ಒಳಗೆ ಹಾಕಿಕೊಂಡು ಮರ ತನಗೆ ಬೇರೆ ದಾರಿ ಮಾಡಿಕೊಳ್ಳುತ್ತಿತ್ತು. ಕಾಲು ಭಾಗ ಮುಗಿದಿತ್ತು, ಅಷ್ಟರಲ್ಲಿ ಗಾಳಿ ಬಂತು.

ನಾನು ಆ ತುಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದೆ. ಮೂವತ್ತು ವರ್ಷ ಮರಗಳ ಹೆಸರಿನಲ್ಲಿ ಸಂಬಳ ತಿಂದವನಿಗೆ ಮರವೆಂದರೆ ಏನೆಂದು ಗೊತ್ತಿರಲಿಲ್ಲ ಅನ್ನಿಸಿತು. ಉಳಿದ ಎಂಟರಲ್ಲಿ ಎಷ್ಟು ಮರ ಈ ದಾರಿಯನ್ನು ಪೂರ್ತಿ ಮಾಡಿಕೊಂಡಿವೆ ಎಂದು ನೋಡದೆ ಕಡಿಸುವುದು ನನ್ನ ಕೈಲಿ ಆಗದ ಮಾತಾಯಿತು. ವರದಿಯನ್ನು ಕೈಯಲ್ಲೇ ಬರೆದೆ. ಗಾರ್ಡ್ ತೆಗೆಯದೆ ಬಿಟ್ಟಿದ್ದರಿಂದ ಮರ ಮುರಿದಿದೆ, ಮೂರು ವರ್ಷದ ಸಾಲನ್ನು ಬೋರ್ಡಿನಿಂದ ತೆಗೆಸಿದವನು ನಾನು, ಉಳಿದ ಮರಗಳನ್ನು ಒಂದೊಂದಾಗಿ ಪರೀಕ್ಷಿಸಲು ಅನುಮತಿ ಬೇಕು ಎಂದು. ಗುಮಾಸ್ತರು ಓದಿ ನನ್ನ ಮುಖ ನೋಡಿದರು. ನಿವೃತ್ತಿಯ ಹೊತ್ತಿನಲ್ಲಿ ಇದೆಲ್ಲ ಯಾಕೆ ಸರ್ ಎಂದು ಮೆಲ್ಲಗೆ ಕೇಳಿದರು.

ವೃಕ್ಷಾಧಿಕಾರಿ ಮೇಡಂ ಖುದ್ದಾಗಿ ಬಂದು ಬೀದಿಯಲ್ಲಿ ಮೂರು ಗಂಟೆ ನಿಂತರು. ಮಂಜುನಾಥನ ಮಾತನ್ನೂ ಕೇಳಿದರು. ಕೊನೆಗೆ ಷರತ್ತು ಹಾಕಿದರು. ದಾರಿ ಕೂಡದ ಮರಗಳನ್ನು ಕಡಿಯಬೇಕು. ಉಳಿದವುಗಳ ಕೊಂಬೆ ಮೂರರಲ್ಲೊಂದು ಭಾಗ ಇಳಿಸಿ ಗಾಳಿಯ ಹೊಡೆತ ಕಮ್ಮಿ ಮಾಡಬೇಕು, ಅನುಮಾನ ಇರುವುದಕ್ಕೆ ಆನಿಕೆ ಕೊಡಬೇಕು, ಮಳೆಗಾಲದಲ್ಲಿ ಕೆಳಗೆ ಯಾರೂ ನಿಲ್ಲದ ಹಾಗೆ ಹಗ್ಗ ಕಟ್ಟಬೇಕು. ಮುಂದಿನ ವರ್ಷ ಎಲೆ ಉದುರಿದ ಮೇಲೆ ಯಾವುದು ಹೊಸ ಎಲೆ ಬಿಡುವುದಿಲ್ಲವೋ ಅದನ್ನೂ ತೆಗೆಯಬೇಕು. ಬೇರು ಬದುಕಿದೆ ಎಂಬುದಕ್ಕೆ ಹೊಸ ಎಲೆಯೇ ಸಾಕ್ಷಿ ಎಂದರು. ಮಂಜುನಾಥ ಒಪ್ಪಿದ. ಪೂರ್ತಿ ಮನಸ್ಸಿನಿಂದ ಅಲ್ಲ.

ಇನ್ನು ಕಬ್ಬಿಣ ಬಿಡಿಸಬೇಕು. ಗ್ಯಾಸ್ ಕಟರ್ ಹಚ್ಚಿದರೆ ಐದು ನಿಮಿಷದ ಕೆಲಸ, ಆದರೆ ಆ ಬಿಸಿಗೆ ತೊಗಟೆ ಬೆಂದುಹೋಗುತ್ತದೆ. ಗಾರ್ಡ್ ಮಾಡಿದವರನ್ನೇ ಹುಡುಕಿಕೊಂಡು ಹರಿಹರಕ್ಕೆ ಹೋದೆ. ಮೌನೇಶಾಚಾರ್ ಎಂಬ ಹಿರಿಯ ಕಮ್ಮಾರರು. ಕೆಲಸವೆಲ್ಲ ಮಗನಿಗೆ ಬಿಟ್ಟು ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂತಿದ್ದರು. ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಡುಬಳಿಗೆ ಪಿನ್ ಇಟ್ಟಿದ್ನಲ್ರಿ ಸಾಹೇಬ್ರ. ಎಳೆದ್ರ ಎರಡು ಹೋಳಾಗಿ ಬಿಚ್ಚಿಕೊಳ್ಳೋ ಹಂಗ. ಯಾರೂ ಎಳೀಲಿಲ್ಲೇನು?"

ನನಗೆ ಪಿನ್ನಿನ ವಿಷಯವೇ ಮರೆತುಹೋಗಿತ್ತು. ಕೈಪಿಡಿಯ ನಿಯಮ ಓದಿ ಹೇಳಿದ್ದು ನಾನೇ, ಅದಕ್ಕೆ ತಕ್ಕಂತೆ ಪಿನ್ ಇಟ್ಟಿದ್ದು ಅವರು. ಎಳೆಯಲು ಬರಬೇಕಾದವನು ಬಂದಿರಲಿಲ್ಲ. ಆಚಾರ್ಯರು ಮಗನ ಮಾತು ಕೇಳದೆ ಮರುದಿನ ಚೀಲದಲ್ಲಿ ಸುತ್ತಿಗೆ, ಪಂಚ್, ಹ್ಯಾಕ್ಸಾ ಬ್ಲೇಡು ಹಾಕಿಕೊಂಡು ಬಸ್ಸಿನಲ್ಲಿ ಬಂದೇಬಿಟ್ಟರು. ಕಾರು ಕಳಿಸುತ್ತೇನೆ ಎಂದರೂ ಬೇಡವೆಂದಿದ್ದರು.

ಕೆಲಸಕ್ಕೆ ಮೊದಲ ಅಡ್ಡಿ ಫಾತಿಮಾಬಿ. ಆಚಾರ್ಯರು ಬೋರ್ಡಿಗೆ ಕೈ ಹಾಕುತ್ತಲೇ ಅವರು ಜಗಲಿಯಿಂದ ಇಳಿದು ಬಂದು ಮರಕ್ಕೆ ಅಡ್ಡ ನಿಂತರು. ಗಾರ್ಡ್ ಮರಕ್ಕೆ ಕಂಟಕ ಎಂದು ನಾನು ವಿವರಿಸಿದೆ. ಸುಳ್ಳಲ್ಲ ಎಂದು ಆಚಾರ್ಯರೂ ಹೇಳಿದರು. ಫಾತಿಮಾಬಿ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು.

"ಮುಟ್ಟಬ್ಯಾಡ ಅಂತ ಬರವಣಿಗೆಯಾಗ ಐತ್ರಿ. ತೆಗೀರಿ ಅಂತ ನೀವು ಬಾಯಾಗ ಹೇಳಿದ್ರೆ ಹೆಂಗೆ? ಬರ್ದು ಕೊಡ್ರಿ," ಅಂದರು.

ನಿಯಮದ ಪುಸ್ತಕ ತೋರಿಸಿ ಊರನ್ನೇ ಹೆದರಿಸುತ್ತಿದ್ದ ನನಗೆ ಅಂದು ನನ್ನದೇ ಔಷಧ ಸಿಕ್ಕಿತು. ಜೀಪಿನ ಬಾನೆಟ್ ಮೇಲೆ ಲೆಟರ್‌ಹೆಡ್ ಇಟ್ಟು ಆದೇಶ ಬರೆದೆ, ಸಹಿ ಹಾಕಿದೆ, ಸೀಲಿಗಾಗಿ ಕಚೇರಿಗೆ ಆಳು ಕಳಿಸಿದೆ. ಸೀಲು ಬೀಳುವ ತನಕ ಅವರು ಅಲ್ಲಿಂದ ಕದಲಲಿಲ್ಲ. ಕಾಗದ ಕೈಗೆ ಬಂದ ಮೇಲೆ ಎರಡು ಸಲ ಓದಿ, ಮಡಿಚಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟರು. ಆಮೇಲೆ ಆಚಾರ್ಯರ ಹತ್ತಿರ ಬಂದು, ಆ ಅಕ್ಷರ ತಮ್ಮ ಮನೆಯವರದು, ಒಡೆಯದ ಹಾಗೆ ತೆಗೆದುಕೊಡಿ ಎಂದು ಕೇಳಿಕೊಂಡರು. ಆಚಾರ್ಯರು ಬೋರ್ಡಿನ ಮೇಲೆ ಕೈಯಾಡಿಸಿ, ನುಂಗಿದ ಅಂಚನ್ನು ಬಿಟ್ಟು ಮೇಲಿನ ತಗಡನ್ನು ಕತ್ತರಿಸಿ ಬಿಡಿಸಿಕೊಡಲು ಎರಡು ಗಂಟೆ ತೆಗೆದುಕೊಂಡರು. ಒಂದು ಅಕ್ಷರಕ್ಕೂ ಗೀರು ಬೀಳಲಿಲ್ಲ.

ಮಧ್ಯಾಹ್ನದ ಮೇಲೆ ನಡುಬಳೆಗೆ ಕೈ ಹಾಕಿದರು. ಪಿನ್ ಇದ್ದ ಜಾಗ ಮರದೊಳಗೆ ಹೋಗಿತ್ತು. ಹಿಂಬದಿಯಲ್ಲಿ ಕೈಗೆ ಎಟುಕುತ್ತಿದ್ದ ಕಬ್ಬಿಣವನ್ನು ಒಂದು ಕಡೆ ಬ್ಲೇಡಿನಿಂದ ಕೊಯ್ಯುತ್ತ ಹೋದರು, ನಡುನಡುವೆ ನೀರು ಹನಿಸಿ. ಇನ್ನೊಂದು ಕೂದಲೆಳೆ ಉಳಿದಿದೆ ಎನ್ನುವಾಗ ಅವರು ಎಲ್ಲರಿಗೂ ಹಿಂದೆ ಸರಿಯಲು ಹೇಳಿ ತಾವೂ ಪಕ್ಕಕ್ಕೆ ನಿಂತು ಕೈ ಚಾಚಿ ಕೊನೆಯ ಎಳೆ ಕೊಯ್ದರು. ಟಣ್ ಎಂದು ಇಡೀ ಬೀದಿಗೆ ಕೇಳುವಂಥ ಸದ್ದು. ಕಬ್ಬಿಣದ ಎರಡು ತುದಿಗಳು ಒಂದರಿಂದೊಂದು ಚಿಮ್ಮಿ ಹೆಬ್ಬೆರಳು ತೂರುವಷ್ಟು ದೂರ ಸರಿದು ನಿಂತವು. ಮರ ಒಳಗಿನಿಂದ ಅಷ್ಟು ಬಲವಾಗಿ ತಳ್ಳುತ್ತಿತ್ತು. ಸದ್ದಿಲ್ಲದೆ, ಅಲುಗಾಡದೆ, ಅಷ್ಟು ವರ್ಷ ಹಗಲೂ ಇರುಳೂ ತಳ್ಳುತ್ತಲೇ ಇತ್ತು. ಅದರ ನೆರಳಿನಲ್ಲಿ ಜನ ಬ್ಲೌಸಿನ ಅಳತೆ ಕೊಟ್ಟು ಹೋಗುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ.

ಆಚಾರ್ಯರು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಮರಕ್ಕೆ ಅಂಗೈ ಇಟ್ಟರು.

"ಐವತ್ತು ವರ್ಷ ಕಬ್ಬಿಣ ಬಗ್ಗಿಸೀನ್ರಿ ನಾನು, ಬೆಂಕಿ ಇಟ್ಕೊಂಡು. ಇದು ಬರೇ ನೀರು ಕುಡ್ದು ಬಗ್ಗಿಸೈತೆ," ಅಂದರು.

ಎಂಟು ಮರ ಬಿಡಿಸಲು ಹನ್ನೊಂದು ದಿನ ಹಿಡಿಯಿತು. ಎರಡರಲ್ಲಿ ದಾರಿ ಎಲ್ಲೂ ಕೂಡಿರಲಿಲ್ಲ. ಅವನ್ನು ಕಡಿಸಿದೆವು. ಐದರಲ್ಲಿ ಅರ್ಧಕ್ಕಿಂತ ಹೆಚ್ಚು ಸುತ್ತು ಕೂಡಿತ್ತು. ನುಂಗಿದ ಕಬ್ಬಿಣವನ್ನು ಕೆದಕದೆ ಒಳಗೇ ಬಿಟ್ಟೆವು. ಉಳಿದದ್ದು ಫಾತಿಮಾಬಿಯ ಮರ. ಬೋರ್ಡ್ ಇದ್ದ ಕಡೆ ಕೂಡಿತ್ತು, ಹಿಂಬದಿ ಇಲ್ಲ. ಅರ್ಧಕ್ಕೂ ಸ್ವಲ್ಪ ಕಮ್ಮಿ. ಕಡಿಸುವ ಪಟ್ಟಿಗೆ ಸೇರಿಸಬೇಕೋ ಉಳಿಸುವ ಪಟ್ಟಿಗೋ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೇಡಂ ನನ್ನನ್ನು ಕೇಳಿದರು. ಒಂದು ವರ್ಷ ಕೊಡಿ ಎಂದೆ. ಕಬ್ಬಿಣದ ಪೈಪಿನ ಆನಿಕೆ ಕೊಟ್ಟು, ಹಗ್ಗ ಕಟ್ಟಿ, ಅದರ ಹೊಣೆ ನನ್ನದೆಂದು ಬರೆದುಕೊಟ್ಟೆ. ಫಾತಿಮಾಬಿ ತಮ್ಮ ಯಂತ್ರಗಳನ್ನು ಹಗ್ಗದಾಚೆ, ಮನೆಯೊಳಗಿನ ಕತ್ತಲ ಕೋಣೆಗೆ ಸಾಗಿಸಿಕೊಂಡರು. ಸೂಜಿಗೆ ದಾರ ಪೋಣಿಸಲು ಅಲ್ಲಿ ಹಗಲಲ್ಲೂ ದೀಪ ಬೇಕಾಗುತ್ತಿತ್ತು. ಆದರೂ ಅವರು ಒಂದು ದಿನವೂ ದೂರಲಿಲ್ಲ.

ನನ್ನ ವರದಿಗೆ ಉತ್ತರವಾಗಿ ಕಾರಣ ಕೇಳಿ ನೋಟಿಸ್ ಬಂತು. ಉತ್ತರ ಕೊಟ್ಟೆ. ಮುಂದೆ ಎಚ್ಚರಿಕೆಯಿಂದ ಇರತಕ್ಕದ್ದು ಎಂದು ನನ್ನ ಸೇವಾ ಪುಸ್ತಕದಲ್ಲಿ ಒಂದು ಸಾಲು ಬಿತ್ತು. ಮುಂದೆ ಅನ್ನುವುದಕ್ಕೆ ನನಗೆ ಉಳಿದಿದ್ದದ್ದು ಒಂದು ವರ್ಷ ಚಿಲ್ಲರೆ. ಆ ಅವಧಿಯಲ್ಲಿ ನಾನು ಮಾಡಿದ ಮುಖ್ಯ ಕೆಲಸ ಎಂದರೆ ಊರಿನ ಗಾರ್ಡುಗಳನ್ನು ಹುಡುಕಿ ಹುಡುಕಿ ತೆಗೆಸಿದ್ದು. ತಪಾಸಣೆಯ ಫಾರಂ ಬದಲಿಸಿದೆ. ಗಾರ್ಡ್ ಇದೆಯೇ ಎಂಬ ಪ್ರಶ್ನೆ ಹೊಡೆದು ಹಾಕಿ, ಕಾಂಡದ ಸುತ್ತಳತೆ ಎಷ್ಟು, ಕೊನೆಯ ಸಲ ನೋಡಿದ್ದು ಯಾವಾಗ ಎಂದು ಹಾಕಿಸಿದೆ.

ಮಳೆಗಾಲ ಕಳೆಯಿತು. ಮರಗಳು ನಿಂತವು. ಮುಂದಿನ ಫೆಬ್ರವರಿಯಲ್ಲಿ ಹೊಂಗೆಗಳು ಎಲ್ಲ ಕಡೆ ಇದ್ದಂತೆ ಎಲೆ ಉದುರಿಸಿದವು. ಹತ್ತು ಹನ್ನೆರಡು ದಿನಕ್ಕೆ ಐದು ಮರಗಳಲ್ಲಿ ಕೆಂಚು ಬಣ್ಣದ ಚಿಗುರು ಕಾಣಿಸಿ, ನೋಡನೋಡುತ್ತ ಹಸಿರಾಯಿತು. ಫಾತಿಮಾಬಿಯ ಮರ ಬೋಳಾಗಿಯೇ ನಿಂತಿತ್ತು. ಒಂದು ವಾರ, ಎರಡು ವಾರ. ಕಚೇರಿಗೆ ಹೋಗುವ ಮೊದಲು ನಾನು ದಿನಾ ಅಲ್ಲಿ ಹೋಗಿ ಕತ್ತೆತ್ತಿ ನೋಡಿ ಬರುತ್ತಿದ್ದೆ. ಸಣ್ಣ ರೆಂಬೆ ಉಗುರಿನಿಂದ ಕೆರೆದು ಒಳಗೆ ಹಸಿರಿದೆಯೇ ಎಂದು ಪರೀಕ್ಷಿಸುತ್ತಿದ್ದೆ. ಹಸಿರು ಇತ್ತು, ಮೊಗ್ಗೆ ಇರಲಿಲ್ಲ. ಮಂಜುನಾಥ ಹೊಸ ಆಟೋ ತೊಳೆಯುತ್ತ ನನ್ನನ್ನೇ ನೋಡುತ್ತಿದ್ದ. ಮೂರನೇ ವಾರ ಮೇಡಂ ಫೋನ್ ಮಾಡಿ, ಇನ್ನು ಐದು ದಿನ ನೋಡಿ, ಆಮೇಲೆ ಕಡಿಯುವ ಆದೇಶಕ್ಕೆ ಸಹಿ ಹಾಕಬೇಕಾಗುತ್ತದೆ ಎಂದರು. ಸರಿ ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಹೋದಾಗ ಆ ಬೀದಿಯ ಜನ ಆರೇಳು ಮಂದಿ ಕತ್ತೆತ್ತಿ ನಿಂತಿದ್ದರು. ಮಂಜುನಾಥ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ ಮೇಲೆ ತೋರಿಸಿದ. ತುದಿಯ ಕೊಂಬೆಗಳಲ್ಲಿ, ಅತಿ ಎತ್ತರದಲ್ಲಿ, ಬೇರಿನಿಂದ ಎಲ್ಲಕ್ಕಿಂತ ದೂರ ಇರುವ ಜಾಗದಲ್ಲಿ ಚಿಗುರು ಒಡೆದಿತ್ತು. ಬಿಸಿಲು ಅದರ ಮೂಲಕ ಹಾಯುತ್ತಿತ್ತು. ಎಷ್ಟೋ ವರ್ಷ ಅರೆಹೊಟ್ಟೆಯಲ್ಲಿದ್ದ ಬೇರು, ಅರ್ಧ ದಾರಿಯಲ್ಲೇ ಬಂದದ್ದನ್ನು ಉಂಡು ಬದುಕಿ, ನೀರನ್ನು ಅಷ್ಟು ಎತ್ತರಕ್ಕೆ ಕಳಿಸಿತ್ತು. ನನ್ನ ಕಣ್ಣು ತುಂಬಿತು. ಅಲ್ಲಿದ್ದ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅವರೂ ಅದೇ ಅವಸ್ಥೆಯಲ್ಲಿದ್ದರು.

ಜನ ಚದುರಿದ ಮೇಲೆ ಫಾತಿಮಾಬಿ ಕುರ್ಚಿ ತಂದು ಹಾಕಿ ಚಹಾ ಕೊಟ್ಟರು. ಮೇಲಧಿಕಾರಿಗಳಿಗೆ ಬರೆದ ಮಾತನ್ನು ನಾನು ಅವರಿಗೆ ಇನ್ನೂ ಹೇಳಿರಲಿಲ್ಲ. ಒಂಬತ್ತು ತಿಂಗಳು ದಿನಾ ಹೇಳಬೇಕೆಂದುಕೊಂಡು ಬಂದು ಹೇಳದೆ ಹೋಗಿದ್ದೆ. ಮರ ಸತ್ತರೆ ಹೇಳುವುದು ಹೇಗೆ ಎಂಬ ಹೆದರಿಕೆ. ಈಗ ಹೇಳಿದೆ. ಆ ಬೋರ್ಡ್ ಬರೆಸಿದವನು ನಾನು, ಮೂರು ವರ್ಷಕ್ಕೆ ಗಾರ್ಡ್ ತೆಗೆಯಬೇಕೆಂದು ಗೊತ್ತಿದ್ದೂ ಆ ಸಾಲನ್ನು ಹಾಕಿಸಲಿಲ್ಲ, ನೀವಿಬ್ಬರೂ ಕಾದದ್ದು ನನ್ನ ತಪ್ಪನ್ನು ಎಂದೆ.

ಫಾತಿಮಾಬಿ ಖಾಲಿ ಲೋಟ ತೆಗೆದು ಪಕ್ಕಕ್ಕಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಕೇಳಲು ತಯಾರಾಗಿಯೇ ಕೂತಿದ್ದೆ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

"ನಮ್ಮ ಮನೆಯವ್ರು ಪ್ರತಿ ವರ್ಷ ಬಣ್ಣ ಹಚ್ವಾಗ ಹೇಳ್ತಿದ್ರು, ಬರೆಸಿದೋರು ಒಂದಿನ ನೋಡಾಕೆ ಬರ್ತಾರೆ, ಅಕ್ಷರ ಚೆಂದ ಇರ್ಬೇಕು ಅಂತ. ಅವ್ರು ಇದ್ದಾಗ ಬರ್ಬೇಕಿತ್ತು ನೀವು."

ಮೂವತ್ತೊಂದು ವರ್ಷದ ನೌಕರಿಯಲ್ಲಿ ನನಗೆ ಬಂದ ಯಾವ ನೋಟಿಸೂ ಇಷ್ಟು ಸರಿಯಾಗಿ ನಾಟಿರಲಿಲ್ಲ. ಸಸಿ ನೆಟ್ಟ ದಿನ ಫೋಟೋ ತೆಗೆಸಿಕೊಂಡೆವು, ಕಾವಲಿಗೆ ಕಬ್ಬಿಣ ಹಾಕಿದೆವು, ಬೋರ್ಡ್ ಬರೆಸಿದೆವು. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡೆವು. ಮರದ ಕೆಲಸ ಶುರುವಾಗುವುದೇ ಅಲ್ಲಿಂದ ಎಂದು ನನ್ನ ಉದ್ಯೋಗ ನನಗೆ ಕಲಿಸಿದ್ದು ಬಹಳ ತಡವಾಗಿ. ಮರ ನನಗಾಗಿ ಕಾಯಿತು. ಇಮಾಮ್ ಸಾಬ್ ಕೂಡ ತಮ್ಮ ಕೈಲಾದಷ್ಟು ವರ್ಷ ಕಾದರು.